ಕಾಲಳತೆಯ ಚಾಲುಕ್ಯ ನಾಡು

ವಿಜಯಪುರದ ಕಡೆಯಿಂದ ಬಾದಾಮಿಗೆ ಬರುವವರು ಹೆದ್ದಾರಿ ಬಿಡುವುದು ಕೆರೂರಿನಲ್ಲಿ. ಅಲ್ಲಿ ಬಸ್ಸಿಗೆ ಕಾಯುತ್ತ ಚಹಾ ಕುಡಿಯುತ್ತಿದ್ದಾಗ ಪಕ್ಕದ ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು, ‘ಎಲ್ಲಿಗೆ ಹೊಂಟೀರಿ?’ ಎಂದು ವಿಚಾರಿಸಿದರು. ಬಾದಾಮಿಯಿಂದ ಮಹಾಕೂಟಕ್ಕೆ ನಡೆದು ಹೋಗಬೇಕೆಂದಿದ್ದೇನೆ ಅಂದೆ. ‘ಯಾಕ್ರೀ, ಟಂಟಂ ಸಿಗತಾವಲ್ಲ!’ ಎಂದು ನಕ್ಕರು. ಸ್ವಲ್ಪ ಹೊತ್ತು ಬಿಟ್ಟು ಅವರೇ ಮಾತು ಮುಂದುವರಿಸಿದರು: ‘ನಮ್ಮವ್ವ ಶ್ರಾವಣ ಸೋಮವಾರ ನಡಕೋಂತನ ಹೋಗತಿದ್ಲು. ಗುಡ್ಡದಾಗ ದಾರಿ ಐತಿ. ಹತ್ತಿರ ಆಗತೈತಿ.’

ಹತ್ತಿರ ಎಂದ ಅವರ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಬಾದಾಮಿಯಿಂದ ಮಹಾಕೂಟಕ್ಕೆ ಡಾಂಬರು ರಸ್ತೆಯಲ್ಲಿ 14 ಕಿಲೋಮೀಟರು. ಕೆರೆಯ ಹಿಂದಿನ ಗುಡ್ಡ ಹತ್ತಿ ಇಳಿದರೆ ಐದರ ಆಸುಪಾಸು. ಗಾಡಿ ಗುಡ್ಡವನ್ನು ಸುತ್ತಿ ಬರಬೇಕು, ಕಾಲಿಗೆ ಆ ಕಷ್ಟವಿಲ್ಲ. ಒಂದೇ ದಿನದಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ‘ಮುಗಿಸುವ’ ಬಾಡಿಗೆ ಕಾರಿನವರಿಗೆ ಇವು ಮೂರು ಬೇರೆ ಬೇರೆ ಜಾಗಗಳಾಗಿ, ಮೂರು ಪಾರ್ಕಿಂಗ್ ತಾಣಗಳಾಗಿ ಕಾಣುತ್ತವೆ. ನಡೆದವರಿಗೆ ಮಾತ್ರ ಇದು ಒಂದೇ ನಾಡು. ರಾಜಧಾನಿ, ಕುಲದೇವರ ತೀರ್ಥ, ಪಟ್ಟ ಕಟ್ಟುವ ಊರು, ಕಲ್ಲು ಕಡಿಯುವ ಗುಡ್ಡ ಎಲ್ಲವನ್ನೂ ಚಾಲುಕ್ಯರು ಕಾಲಳತೆಯಲ್ಲೇ ಇಟ್ಟುಕೊಂಡಿದ್ದರು.

ಬಾದಾಮಿಯ ಗವಿಗಳ ಬಗ್ಗೆ ಹೇಳುವುದು ಹೆಚ್ಚೇನೂ ಉಳಿದಿಲ್ಲ. ಮೂರನೆಯ ಗವಿಯನ್ನು ಮಂಗಲೇಶ ಕೊರೆಸಿದ್ದು ಕ್ರಿ.ಶ. 578ರಲ್ಲಿ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಮೆಟ್ಟಿಲಿಳಿದು ಬಂದವರು ತಿರುಗಿ ಗಾಡಿ ಹತ್ತುತ್ತಾರಲ್ಲ, ಅದೊಂದೇ ಬೇಸರ. ನಿಜವಾದ ಬಾದಾಮಿ ಎದುರಿಗಿದೆ: ಅಗಸ್ತ್ಯ ತೀರ್ಥವೆಂಬ ಹಸಿರು ನೀರಿನ ಕೆರೆ, ಅದರ ಮೂರು ಕಡೆ ಕೆಂಪು ಬಂಡೆಯ ಗೋಡೆ, ದಂಡೆಯ ಮೇಲೆ ಸಮತಟ್ಟಾದ ಕಾಲುದಾರಿ. ಮುದುಕರೂ ಮಕ್ಕಳೂ ಆರಾಮಾಗಿ ನಡೆಯಬಹುದಾದ ದಾರಿ ಇದು. ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಂಗಸರ ಸೆಳೆತದ ಸದ್ದು ಒಂದು ಸಲ ಕೇಳುತ್ತದೆ, ಎದುರು ಬಂಡೆಗೆ ಬಡಿದು ಇನ್ನೊಂದು ಸಲ ಕೇಳುತ್ತದೆ. ಯಲ್ಲಮ್ಮನ ಗುಡಿ, ಪುರಾತತ್ವ ಇಲಾಖೆಯ ಮ್ಯೂಜಿಯಂ (ಶುಕ್ರವಾರ ಬಾಗಿಲು ತೆರೆಯದು, ನೆನಪಿರಲಿ) ದಾಟಿ ಹೋದರೆ ಕೆರೆಯ ಮೂಡಣ ತುದಿಗೆ ಭೂತನಾಥನ ಗುಡಿಗಳು, ನೀರಿಗೆ ಕಾಲು ಇಳಿಬಿಟ್ಟು ಕೂತಂತೆ. ಮಳೆಗಾಲದಲ್ಲಿ ಬಂಡೆಯ ನೆತ್ತಿಯಿಂದ ಅಕ್ಕ-ತಂಗಿ ಎಂಬ ಜೋಡಿ ಜಲಪಾತ ಧುಮುಕುತ್ತದೆ. ಮಳೆ ನಿಂತ ಮರುದಿನವೇ ಹೋಗಬೇಕು, ಅಕ್ಕ ತಂಗಿಯರು ಬಹಳ ದಿನ ನಿಲ್ಲುವವರಲ್ಲ.

ಇದೇ ದಂಡೆಯ ಬಂಡೆಯೊಂದರ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು ಕ್ರಿ.ಶ. 700ರದು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿಗಳು ಅದರಲ್ಲಿವೆ. ಅರಭಟ್ಟ ಅರಸನಲ್ಲ, ಅವನು ಗೆದ್ದ ಯುದ್ಧದ ಪಟ್ಟಿಯೂ ಅಲ್ಲಿಲ್ಲ. ಮನುಷ್ಯ ಎಂಥವನು ಎಂಬುದಷ್ಟೇ ಇದೆ: ಒಳ್ಳೆಯವರಿಗೆ ಒಳ್ಳೆಯವನು, ಕೆಣಕಿದವರಿಗೆ ಕೆಟ್ಟವನು. ಬೀಸುವ ಕಲ್ಲಿನ ಮುಂದೆ ಈ ಭಾಗದ ಅವ್ವಂದಿರು ಹಾಡುತ್ತ ಬಂದದ್ದೂ ತ್ರಿಪದಿಯನ್ನೇ. ಬಂಡೆಯ ಮೇಲಿನ ಸಾಲು ಬೀಸುವ ಕಲ್ಲಿಗೆ ಬಂತೋ, ಬೀಸುವ ಕಲ್ಲಿನದು ಬಂಡೆ ಏರಿತೋ? ಎರಡನೆಯದೇ ಇರಬೇಕೆಂದು ನನ್ನ ಊಹೆ.

ಮಹಾಕೂಟದ ದಾರಿ ಕೆರೆಯ ಹಿಂದಿನ ಗುಡ್ಡ ಹತ್ತುತ್ತದೆ. ಮೊದಲ ಅರ್ಧ ತಾಸು ಮಾತ್ರ ಏರು, ಆಮೇಲೆ ಬಯಲಿನಂಥ ಹಾಸುಗಲ್ಲು. ಕವಳೆ, ಕಾರೆ, ಕಳ್ಳಿಯ ಪೊದೆಗಳ ನಡುವೆ ದಾರಿ ಎರಡು ಕಡೆ ಒಡೆಯುತ್ತದೆ. ಕುರಿ ಕಾಯುವವರನ್ನು ಕೇಳಿಕೊಂಡೇ ಹೋಗಬೇಕು. ಕಾಲಡಿಯ ಕಲ್ಲನ್ನು ಒಮ್ಮೆ ಬಾಗಿ ನೋಡಿ. ಓರೆ ಓರೆಯಾಗಿ ಪದರಗಳು, ಒಂದರ ಮೇಲೊಂದು ಹೆಣೆದಂತೆ. ಭೂವಿಜ್ಞಾನಿಗಳು ಇದನ್ನು ಹರಿಯುವ ನೀರು ಹಾಸಿ ಹೋದ ಮರಳಿನ ಗುರುತು ಎನ್ನುತ್ತಾರೆ. ಕೋಟ್ಯಂತರ ವರ್ಷಗಳ ಹಿಂದೆ, ಗಿಡ-ಪ್ರಾಣಿ ನೆಲಕ್ಕೆ ಕಾಲಿಡುವ ಮೊದಲೇ, ಇಲ್ಲಿ ಹರಿದ ಹೊಳೆಗಳ ಮರಳು ಗಟ್ಟಿಯಾಗಿ ಈ ಗುಡ್ಡಗಳಾದವು. ಕಲಾದಗಿ ಶಿಲಾಸಮೂಹದ ಈ ಪದರಕ್ಕೆ ಅವರು ಇಟ್ಟ ಹೆಸರೇ ಗವಿಗುಡಿಯ ಮರಳುಗಲ್ಲು ಎಂಬ ಅರ್ಥದ್ದು. ಅಂದರೆ ಗುಡ್ಡದ ನೆತ್ತಿಯ ಮೇಲೆ ನಡೆಯುತ್ತಿದ್ದರೂ ನೀವು ನಡೆಯುತ್ತಿರುವುದು ಒಂದು ಹಳೆಯ ಹೊಳೆಯ ಪಾತ್ರದಲ್ಲೇ. ಉಳಿಗೆ ಸುಲಭವಾಗಿ ಒಗ್ಗುವ, ಒಗ್ಗಿದ ಮೇಲೆ ಸಾವಿರದೈನೂರು ವರ್ಷ ಗೆರೆ ಅಳಿಸದ ಕಲ್ಲು. ಚಾಲುಕ್ಯರಿಗೆ ಇಂಥ ಕಲ್ಲು ಮನೆ ಹಿತ್ತಲಲ್ಲೇ ಸಿಕ್ಕಿತ್ತು.

ಇಳಿಜಾರು ಸುರುವಾದೊಡನೆ ಗಾಳಿ ತಂಪಾಗುತ್ತದೆ. ಒಣ ಗುಡ್ಡದ ಮಡಿಲಲ್ಲಿ ದಟ್ಟ ನೆರಳು, ಆಲದ ಬಿಳಲು, ನೀರಿನ ಸದ್ದು. ಹಳೆಯ ದ್ವಾರವೊಂದರ ಎರಡೂ ಬದಿಗೆ ಎಲುಬು ಕಾಣುವಷ್ಟು ಸೊರಗಿದ ಭೈರವ, ಚಾಮುಂಡಿ ನಿಂತಿದ್ದಾರೆ. ಇಷ್ಟು ಸಮೃದ್ಧಿಯ ಬಾಗಿಲು ಕಾಯಲು ಇಂಥ ಹಸಿದವರನ್ನು ನಿಲ್ಲಿಸಿದ ಶಿಲ್ಪಿಯ ಮನಸ್ಸು ಏನಿತ್ತೋ. ಒಳಗೆ ಬುಗ್ಗೆಯಿಂದ ತುಂಬುವ ವಿಷ್ಣು ಪುಷ್ಕರಣಿ, ಅದರ ನೀರೊಳಗೇ ಪುಟ್ಟ ಮಂಟಪದಲ್ಲಿ ನಾಲ್ಕು ಮುಖದ ಲಿಂಗ. ಊರ ಹುಡುಗರು ಮಂಟಪದಿಂದ ಜಿಗಿಯುತ್ತಾರೆ. ನಡೆದು ಬಂದವರಿಗೆ ಇಲ್ಲೊಂದು ಮುಳುಗು ಹಾಕುವುದು ಕಡ್ಡಾಯ ಎಂದೇ ಹೇಳುತ್ತೇನೆ. ಗಾಡಿಯಲ್ಲಿ ಬಂದವರ ಮುಳುಗಿಗೆ ಆ ರುಚಿ ಇರುವುದಿಲ್ಲ.

ಮಹಾಕೂಟದಲ್ಲಿ ನಿಂತಿದ್ದ ಮಂಗಲೇಶನ ಕಂಬ ಈಗ ವಿಜಯಪುರದ ಗೋಲಗುಂಬಜ್ ಮ್ಯೂಜಿಯಮ್ಮಿನಲ್ಲಿದೆ. ಅದರ ಮೇಲಿನ ಸಂಸ್ಕೃತ ಶಾಸನದಲ್ಲಿ, ಇಮ್ಮಡಿಯಲ್ಲದ ಮೊದಲ ಪುಲಕೇಶಿಯ ರಾಣಿ ದುರ್ಲಭದೇವಿ ಮಕುಟೇಶ್ವರನಿಗೆ ಹತ್ತು ಹಳ್ಳಿಗಳನ್ನು ಬಿಟ್ಟುಕೊಟ್ಟ ಮಾತಿದೆ. ಆ ಪಟ್ಟಿಯಲ್ಲಿ ಕಿಸುವೊಳಲ್ ಇದೆ, ಎಂದರೆ ಕೆಂಪು ಊರು, ಇಂದಿನ ಪಟ್ಟದಕಲ್ಲು. ನಂದಿಗ್ರಾಮವೂ ಇದೆ. ಮಹಾಕೂಟ ಸೇರಿರುವ ಹಳ್ಳಿಗೆ ಈಗಲೂ ನಂದಿಕೇಶ್ವರ ಎಂದೇ ಹೆಸರು. ಶಾಸನದ ಹಳ್ಳಿಗಳನ್ನು ಕಾಲಲ್ಲಿ ಮುಟ್ಟುತ್ತ ಹೋಗುವ ಸುಖ ಪುಸ್ತಕದಲ್ಲಿ ಓದಿದರೆ ಸಿಗುವುದಲ್ಲ. ಮಹಾಕೂಟೇಶ್ವರ ಗುಡಿಯ ಕಂಬದ ಮೇಲೆ ಇನ್ನೊಂದು ಶಾಸನ, ವಿನಾಪೋಟಿಯದು. ಅವಳು ವಿಜಯಾದಿತ್ಯನ ಪ್ರಾಣವಲ್ಲಭೆಯಾಗಿದ್ದ ಸೂಳೆ. ದೇವರಿಗೆ ಮಾಣಿಕದ ಪೀಠ, ಬೆಳ್ಳಿಯ ಕೊಡೆ ಮಾಡಿಸಿಕೊಟ್ಟಳು. ತನ್ನ ತಾಯಿಯ, ಅಜ್ಜಿಯ ಹೆಸರನ್ನೂ ಕಲ್ಲಿಗೆ ಏರಿಸಿದಳು. ಮಾಣಿಕ, ಬೆಳ್ಳಿ ಎಲ್ಲಿ ಹೋದವೋ. ಮೂರು ತಲೆಮಾರಿನ ಹೆಣ್ಣುಮಕ್ಕಳ ಹೆಸರು ಉಳಿದಿದೆ.

ಮುಂದಿನ ದಾರಿ ಮಲಪ್ರಭೆಯ ಕಡೆಗೆ. ಹೊಳೆಯ ದಂಡೆಯಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರ. ಇಲ್ಲಿ ಸುಡುವ ವಿಭೂತಿ ನಾಡಿನ ತುಂಬ ಹೋಗುತ್ತದೆ. ನಾನು ಇಲ್ಲಿಂದ ಮುಂದೆ ರಸ್ತೆಯ ಪಾಲನ್ನು ಬಸ್ಸಿನಲ್ಲೇ ದಾಟಿದೆ, ಸುಳ್ಳೇಕೆ ಹೇಳಲಿ. ಬಿಸಿಲಿನ ಡಾಂಬರಿನ ಮೇಲೆ ನಡೆಯುವುದರಲ್ಲಿ ಯಾವ ಪುಣ್ಯವೂ ಇಲ್ಲ.

ಪಟ್ಟದಕಲ್ಲಿನಲ್ಲಿ ಮತ್ತೆ ಕಾಲಿಗೆ ಕೆಲಸ. 1987ರಿಂದ ವಿಶ್ವ ಪರಂಪರೆಯ ತಾಣವಾಗಿರುವ ಈ ಗುಡಿಗಳ ಸುತ್ತ ಪುರಾತತ್ವ ಇಲಾಖೆ ಬೆಳೆಸಿದ ಹುಲ್ಲುಹಾಸು, ಮರಗಳು. ನೋಡುವುದಕ್ಕೆ ಉದ್ಯಾನವೇ. ಕಾಡಸಿದ್ಧೇಶ್ವರ, ಜಂಬುಲಿಂಗ, ಗಳಗನಾಥದಲ್ಲಿ ಉತ್ತರದ ಶಿಖರ. ಸಂಗಮೇಶ್ವರ, ಮಲ್ಲಿಕಾರ್ಜುನ, ವಿರೂಪಾಕ್ಷದಲ್ಲಿ ದಕ್ಷಿಣದ ವಿಮಾನ. ಎರಡು ದೇಶದ ಕಟ್ಟಡ ಪದ್ಧತಿ ನೂರು ಹೆಜ್ಜೆಯೊಳಗೆ. ವಿರೂಪಾಕ್ಷವನ್ನು ಕಟ್ಟಿಸಿದ್ದು ರಾಣಿ ಲೋಕಮಹಾದೇವಿ, ಗಂಡ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಮೂರು ಸಲ ಗೆದ್ದ ನೆನಪಿಗೆ. ಕಟ್ಟಿದವನು ಅನಿವಾರಿತಾಚಾರಿ ಗುಂಡ. ಹಾಡುವವರ ಹಕ್ಕುಗಳನ್ನು ರಾಣಿ ಊರ್ಜಿತಗೊಳಿಸಿದ ಶಾಸನವೂ ಇಲ್ಲಿದೆ.

ಹೆಚ್ಚಿನವರು ವಿರೂಪಾಕ್ಷನ ನಂದಿಯ ಮುಂದೆ ಫೋಟೊ ತೆಗೆಸಿಕೊಂಡು ಹಿಂದಿರುಗುತ್ತಾರೆ. ನಂದಿಯ ಆಚೆಗೆ ಮೂಡಣ ಬಾಗಿಲು, ಅದರಾಚೆ ಹೊಳೆ. ಆ ಗುಡಿಯ ಮುಖ ಇರುವುದು ಹೊಳೆಯ ಕಡೆಗೇ. ನಾವೆಲ್ಲ ಅದನ್ನು ಹಿಂಬದಿಯಿಂದ ಹೊಕ್ಕು ನೋಡುತ್ತಿದ್ದೇವೆ. ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವ ಮಲಪ್ರಭೆ ಮೂಡಣಕ್ಕೆ ಸಾಗುತ್ತಲೇ ಪಟ್ಟದಕಲ್ಲಿನಲ್ಲಿ ಬಡಗಣಕ್ಕೆ ತಿರುಗುತ್ತದೆ. ಉತ್ತರವಾಹಿನಿ ಪವಿತ್ರ ಎಂಬ ನಂಬಿಕೆ. ಪಟ್ಟ ಕಟ್ಟಲು ಈ ತಿರುವನ್ನೇ ಆರಿಸಿದರು. ನವಿಲುತೀರ್ಥದಲ್ಲಿ ಅಣೆಕಟ್ಟು ಆದ ಮೇಲೆ ಹೊಳೆಯ ಮೈ ಬತ್ತಿದೆ. ಆದರೂ 2019ರ ಆಗಸ್ಟಿನಲ್ಲಿ ಇದೇ ಹೊಳೆ ದಂಡೆ ಮೀರಿ ಗುಡಿಗಳ ಅಂಗಳಕ್ಕೆ ನುಗ್ಗಿತ್ತು, ಸುತ್ತಲಿನ ಹಳ್ಳಿಗಳ ಮನೆ ಬೀಳಿಸಿತ್ತು. ಸೌಮ್ಯವಾಗಿ ಕಾಣುವ ನೀರನ್ನು ನೋಡಿ ದಂಡೆಯ ಕಲ್ಲಿನ ಮೇಲೆ ಕೂತಿದ್ದಾಗ ಆ ಮಾತು ಮನಸ್ಸಿನಲ್ಲಿತ್ತು.

ದಂಡೆಗುಂಟ ದಕ್ಷಿಣಕ್ಕೆ ಕೆಲವು ನೂರು ಹೆಜ್ಜೆ ಹಾಕಿದರೆ ಪಾಪನಾಥ. ಹೊರಗೋಡೆಯ ತುಂಬ ರಾಮಾಯಣ, ಕೆಲವು ಪಾತ್ರಗಳ ಪಕ್ಕ ಹೆಸರನ್ನೂ ಕೆತ್ತಿದ್ದಾರೆ. ಓದುತ್ತ ನಡೆಯಬೇಕು, ಗೋಡೆಯೇ ದಾರಿ. ಸುತ್ತಲ ಗುಡ್ಡಗಳಲ್ಲಿ ಚಾಲುಕ್ಯರ ಕಾಲದ ಕಲ್ಲುಗಣಿಗಳಿವೆ. ಕಲ್ಲು ಕಡಿದವರು ತಮ್ಮ ಹೆಸರು, ಚಿತ್ರ ಕೊರೆದಿಟ್ಟಿದ್ದಾರೆ. ಭೂತನಾಥನ ದಾರಿಯಲ್ಲಿ ಈಗಿನ ಪ್ರೇಮಿಗಳೂ ಬಂಡೆಯ ಮೇಲೆ ಹೆಸರು ಗೀಚುತ್ತಾರೆ. ಅವರ ಜೊತೆ ನನಗೆ ಜಗಳವಿದೆ: ಮೊದಲು ಒಂದು ಕಂಬವನ್ನಾದರೂ ಕಡಿದು ಕೊಡಿ, ಆಮೇಲೆ ಹೆಸರು ಬರೆಯಿರಿ.

ಹೋಗುವವರಿಗೆ ಒಂದೆರಡು ಮಾತು. ದೀಪಾವಳಿಯಿಂದ ಶಿವರಾತ್ರಿಯವರೆಗೆ ನಡಿಗೆಗೆ ಸರಿಯಾದ ಕಾಲ, ಆಮೇಲೆ ಬಂಡೆ ಹಂಚಿನಂತೆ ಕಾಯುತ್ತದೆ. ಬೆಳಿಗ್ಗೆ ಏಳರೊಳಗೆ ಗುಡ್ಡ ಹತ್ತಬೇಕು, ನೀರು ಹೊತ್ತೇ ಹತ್ತಬೇಕು. ಬಾದಾಮಿಯ ಮಂಗ್ಯಾಗಳ ಎದುರು ಕೈಚೀಲ ಬಿಚ್ಚಬೇಡಿ. ಊಟಕ್ಕೆ ಬನಶಂಕರಿಗೇ ಹೋಗಿ. ಹರಿದ್ರಾ ತೀರ್ಥದ ಹೊಂಡದ ಪಕ್ಕ, ತಲೆಯ ಮೇಲೆ ಬುಟ್ಟಿ ಹೊತ್ತು ಬರುವ ಅವ್ವಂದಿರು ಕಟಕ ಜೋಳದ ರೊಟ್ಟಿ, ಪುಂಡಿಪಲ್ಲೆ, ಕೆಂಪು ಚಟ್ನಿ, ಗಟ್ಟಿ ಮೊಸರು ಬಡಿಸುತ್ತಾರೆ. ನನಗೆ ಬಡಿಸಿದವರು ಇಳಕಲ್ಲ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತ, ‘ಎಲ್ಲಿಂದ ಬಂದಿಯೋ ಯಪ್ಪಾ, ಮಾರಿ ಇಷ್ಟ ಬಾಡೇತಿ?’ ಎಂದು ಕೇಳಿದರು. ಗುಡ್ಡ ಹಾಯ್ದು ಮಹಾಕೂಟಕ್ಕೆ ನಡಕೊಂಡು ಹೋಗಿದ್ದೆ ಎಂದೆ. ಕೆರೂರಿನ ಹಿರಿಯರಂತೆ ಅವರು ನಗಲಿಲ್ಲ. ‘ಮತ್ತ ಹಂಗ ಅಲ್ಲೇನ ಹೋಗೂದು’ ಎಂದು ಇನ್ನೊಂದು ರೊಟ್ಟಿ ಮುರಿದು ಹಾಕಿದರು.