ತಾಯಿಗೆ ಸಲ್ಲತಕ್ಕದ್ದು

ಮೇ ತಿಂಗಳ ಎರಡನೆಯ ಭಾನುವಾರ ಬಂದಿತೆಂದರೆ, ಆರಾಧನೆಯ ಕೊನೆಗೆ ತಾಯಂದಿರನ್ನು ಮುಂದಕ್ಕೆ ಕರೆದು, ಅವರ ಕೈಗೆ ಒಂದೊಂದು ಹೂವನ್ನಿತ್ತು, ಸಭೆಯವರೆಲ್ಲ ಅವರಿಗಾಗಿ ಪ್ರಾರ್ಥಿಸುವ ಪದ್ಧತಿ ನಮ್ಮ ನಾಡಿನ ಅನೇಕ ಕ್ರೈಸ್ತ ದೇವಾಲಯಗಳಲ್ಲಿಯೂ ಈಗ ರೂಢಿಯಾಗಿದೆ. ನೋಡಲು ಅಂದವಾದ ಪದ್ಧತಿಯೇ ಸರಿ. ಆದರೆ ಅದನ್ನು ಕ್ರೈಸ್ತಧರ್ಮದ ಪುರಾತನ ಪರ್ವಗಳಲ್ಲಿ ಒಂದೆಂದು ತಿಳಿದವರು, ಅದು 1908ರ ಮೇ 10ರಂದು ಅಮೆರಿಕಾದ ಪಶ್ಚಿಮ ವರ್ಜೀನಿಯಾ ಸಂಸ್ಥಾನದ ಗ್ರಾಫ್ಟನ್ ಎಂಬ ಊರಿನ ಮೆಥೊಡಿಸ್ಟ್ ದೇವಾಲಯವೊಂದರಲ್ಲಿ ಮೊದಲಾಯಿತೆಂದು ಕೇಳಿದರೆ ಕೊಂಚ ವಿಸ್ಮಯಪಟ್ಟಾರು. ಅದನ್ನು ಏರ್ಪಡಿಸಿದಾಕೆ ಆನಾ ಜಾರ್ವಿಸ್. ಕಡೆಯವರೆಗೂ ಮದುವೆಯಾಗದೆ, ಮಕ್ಕಳಿಲ್ಲದೆ ಬಾಳಿದವಳು. ಆ ದಿನ ಗ್ರಾಫ್ಟನ್ನಿಗೆ ತಾನು ಹೋಗಲಾರದೆ, ತಾಯಿಗೆ ಪ್ರಿಯವಾಗಿದ್ದ ಬಿಳಿಯ ಕಾರ್ನೇಷನ್ ಹೂಗಳನ್ನು ಐದುನೂರರಷ್ಟು ಕಳುಹಿಸಿಕೊಟ್ಟಿದ್ದಳು.

ಆ ತಾಯಿ ಯಾರೆಂಬುದನ್ನು ಅರಿಯದೆ ಈ ಹೂಗಳ ಅರ್ಥವಾಗದು. ಆನ್ ರೀವ್ಸ್ ಜಾರ್ವಿಸ್ ಹತ್ತಕ್ಕೂ ಹೆಚ್ಚು ಮಕ್ಕಳನ್ನು ಹೆತ್ತವಳು. ಅವರಲ್ಲಿ ಪ್ರಾಯಕ್ಕೆ ಬಂದವರು ನಾಲ್ವರು ಮಾತ್ರ. ಉಳಿದವರನ್ನು ಒಬ್ಬೊಬ್ಬರಾಗಿ ಸಾಂಕ್ರಾಮಿಕ ರೋಗಗಳು ಕೊಂಡೊಯ್ದವು. ಇಂತಹ ದುಃಖಕ್ಕೊಳಗಾದವರು ವಿಧಿಯನ್ನು ದೂರುವುದುಂಟು, ದೇವರಿಚ್ಛೆಯೆಂದು ಸುಮ್ಮನಾಗುವುದೂ ಉಂಟು. ಪಾದ್ರಿಯ ಮಗಳಾಗಿದ್ದ ಈಕೆ ಇವೆರಡನ್ನೂ ಮಾಡದೆ, 1858ರಲ್ಲಿ, ವೈದ್ಯನಾಗಿದ್ದ ತನ್ನ ಸಹೋದರನ ನೆರವು ಪಡೆದು, ಸುತ್ತಣ ಊರುಗಳ ತಾಯಂದಿರನ್ನು ಕೂಡಿಸಿ ಸಂಘಗಳನ್ನು ಕಟ್ಟಿದಳು. ಮನೆಮನೆಗೆ ಹೋಗಿ ನೀರು, ಹಾಲು, ಕೊಳಚೆ ಇವುಗಳ ವಿಷಯದಲ್ಲಿ ಎಚ್ಚರಿಕೆ ಹೇಳುವುದು, ಚಂದಾ ಎತ್ತಿ ಔಷಧ ಕೊಳ್ಳುವುದು, ಕ್ಷಯರೋಗದಿಂದ ಹಾಸಿಗೆ ಹಿಡಿದ ತಾಯಿಯ ಮನೆಗೆಲಸಕ್ಕೆ ಸಂಬಳದ ಹೆಂಗಸನ್ನು ಗೊತ್ತುಮಾಡುವುದು, ಇವು ಆ ಸಂಘಗಳ ಕಾರ್ಯಗಳಾಗಿದ್ದವು. ಮೂರು ವರ್ಷಗಳ ತರುವಾಯ ಅಮೆರಿಕಾದ ಅಂತರ್ಯುದ್ಧವು ಹೊತ್ತಿಕೊಂಡು, ಒಂದೇ ಊರಿನ ಗಂಡಸರು ಎರಡು ಸೈನ್ಯಗಳಿಗೆ ಹಂಚಿಹೋದಾಗ, ಯಾವ ಪಕ್ಷದವನೆಂದು ಕೇಳದೆ ಗಾಯಾಳುಗಳನ್ನೂ ರೋಗಿಗಳನ್ನೂ ಶುಶ್ರೂಷೆ ಮಾಡತಕ್ಕದ್ದೆಂದು ಈ ತಾಯಂದಿರು ನಿರ್ಧರಿಸಿದರು. ಯುದ್ಧ ಮುಗಿದ ಮೇಲೆ, 1868ರಲ್ಲಿ, ಪರಸ್ಪರ ಗುಂಡು ಹಾರಿಸಿದ್ದ ಆ ಮನೆಗಳವರನ್ನು ಒಂದೆಡೆ ಸೇರಿಸಿ ಸ್ನೇಹದ ದಿನವೊಂದನ್ನು ನಡೆಸಿದವಳೂ ಈಕೆಯೇ. 1905ರ ಮೇ 9ರಂದು ಆಕೆ ತೀರಿಕೊಂಡಳು.

ಮಗಳ ಪ್ರಯತ್ನದಿಂದ 1914ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಈ ದಿನವನ್ನು ರಾಷ್ಟ್ರೀಯ ಆಚರಣೆಯೆಂದು ಘೋಷಿಸಿದನು. ಅಲ್ಲಿಂದಾಚೆಗೆ ನಡೆದದ್ದು ಹೂವಿನ ವ್ಯಾಪಾರಿಗಳ, ಮಿಠಾಯಿಯ ಅಂಗಡಿಗಳ, ಅಚ್ಚುಹಾಕಿದ ಶುಭಾಶಯಪತ್ರಗಳ ಕಥೆ. ಆನಾ ಜಾರ್ವಿಸ್ ಅವರೆಲ್ಲರ ಮೇಲೆ ಉಗ್ರವಾಗಿ ಹೋರಾಡಿದಳು. 1925ರಲ್ಲಿ ಕಾರ್ನೇಷನ್ ಮಾರಾಟವನ್ನು ಪ್ರತಿಭಟಿಸಲು ಹೋಗಿ ಶಾಂತಿಭಂಗದ ಆರೋಪದ ಮೇಲೆ ಬಂಧನಕ್ಕೊಳಗಾದಳು. ಕಡೆಗೆ ತಾನೇ ಹುಟ್ಟಿಸಿದ ಆಚರಣೆಯನ್ನು ರದ್ದುಗೊಳಿಸಬೇಕೆಂದು ಸಹಿ ಸಂಗ್ರಹಿಸಿ, 1948ರಲ್ಲಿ ಆರೋಗ್ಯಧಾಮವೊಂದರಲ್ಲಿ ಬಡತನದಲ್ಲಿಯೇ ಮಡಿದಳು. ಆಕೆಯ ಕೋಪ ಅತಿಯಾಯಿತೆಂದು ಹಲವರ ಮತ. ನನಗೆ ಹಾಗೆ ತೋರುವುದಿಲ್ಲ. ದುಡಿದ ತಾಯಿಯ ಸ್ಮರಣೆಗೆಂದು ಇಟ್ಟ ದಿನವು ದುಡಿಮೆಯ ಮಾತೇ ಇಲ್ಲದ ಹೊಗಳಿಕೆಯಾಗಿ ಪರಿಣಮಿಸಿದಾಗ ಮಗಳಿಗೆ ನೋವಾಗುವುದು ಸಹಜವಲ್ಲವೆ?

ಬೈಬಲ್ಲಿನ ಅಭಿಪ್ರಾಯವೂ ಈ ಮಗಳ ಪಕ್ಷಕ್ಕೇ ಇದೆ. ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ವಿಧಿಯು ದಶಾಜ್ಞೆಗಳಲ್ಲಿ ಬರುತ್ತದೆ. ರೋಮನ್ ಕಥೋಲಿಕರು ಅದನ್ನು ನಾಲ್ಕನೆಯದೆಂದೂ ಪ್ರಾಟೆಸ್ಟಂಟರಲ್ಲಿ ಹೆಚ್ಚಿನವರು ಐದನೆಯದೆಂದೂ ಎಣಿಸುತ್ತಾರೆ. ನಾವು ಅದನ್ನು ಹುಡುಗರಿಗೆ ಬಾಯಿಪಾಠ ಮಾಡಿಸಿ, ಹಿರಿಯರಿಗೆ ಎದುರಾಡಬೇಡವೆಂದು ಗದರಿಸಲು ಬಳಸುತ್ತೇವೆ. ಆದರೆ ಅದೇ ದಶಾಜ್ಞೆಯು ನೆರೆಯವನ ಎತ್ತು ಕತ್ತೆಗಳಿಗೆ ಆಸೆಪಡಬಾರದೆಂದು ಯಾರಿಗೆ ಹೇಳಿತೋ ಅವರಿಗೇ ಈ ಮಾತನ್ನೂ ಹೇಳಿದ್ದು. ಅವರು ಮನೆಮಾರುಗಳುಳ್ಳ ಗೃಹಸ್ಥರು, ಮುಪ್ಪಿನ ತಾಯಿಯನ್ನು ಸಾಕತಕ್ಕವರು. ಯೇಸುಸ್ವಾಮಿಯ ಕಾಲಕ್ಕೆ ಈ ಹೊಣೆಯಿಂದ ತಪ್ಪಿಸಿಕೊಳ್ಳಲು ಭಕ್ತಿಯ ವೇಷದ ಉಪಾಯವೊಂದು ಹುಟ್ಟಿಕೊಂಡಿತ್ತು. ತನ್ನಿಂದ ತಂದೆತಾಯಿಗಳಿಗೆ ಸಲ್ಲಬೇಕಾದದ್ದನ್ನು ಕೊರ್ಬಾನ್, ಅಂದರೆ ದೇವರಿಗೆ ಮುಡಿಪು, ಎಂದುಬಿಟ್ಟರೆ ಮಗನು ಅವರಿಗೆ ಏನನ್ನೂ ಕೊಡಬೇಕಾಗಿರಲಿಲ್ಲ. ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಯೇಸು ಇದನ್ನು ನಿಷ್ಠುರವಾಗಿ ಖಂಡಿಸುತ್ತಾನೆ. ದೇವರ ಹೆಸರಿನಲ್ಲಿಯೂ ತಾಯಿಯ ಅನ್ನವನ್ನು ಕಸಿಯಲಾಗದೆಂಬುದು ಅವನ ತೀರ್ಪು. ಶಿಲುಬೆಯ ಮೇಲೆ ಪ್ರಾಣಬಿಡುವ ಹೊತ್ತಿನಲ್ಲಿ ಅವನು ತನ್ನ ತಾಯಿಯನ್ನು ಶಿಷ್ಯನೊಬ್ಬನ ವಶಕ್ಕೆ ಒಪ್ಪಿಸಿದನೆಂದೂ, ಆ ಶಿಷ್ಯನು ಅಂದಿನಿಂದಲೇ ಆಕೆಯನ್ನು ತನ್ನ ಮನೆಗೆ ಕರೆದುಕೊಂಡನೆಂದೂ ಯೋಹಾನನು ಬರೆದಿದ್ದಾನೆ. ಆ ವಾಕ್ಯದಲ್ಲಿ ಸ್ತುತಿಯಿಲ್ಲ, ವ್ಯವಸ್ಥೆಯಿದೆ.

ತಾಯಿಯ ಸ್ಮರಣೆಗೆ ಕ್ರೈಸ್ತ ಸಾಹಿತ್ಯದಲ್ಲಿ ಸಂತ ಅಗಸ್ಟೀನನ ಆತ್ಮನಿವೇದನೆಗೆ ಸಮನಾದುದನ್ನು ನಾನು ಕಾಣೆ. ಅವನು ಕ್ರಿ. ಶ. 354ರಲ್ಲಿ ಈಗಿನ ಅಲ್ಜೀರಿಯಾದ ತಗಾಸ್ತೆಯಲ್ಲಿ ಹುಟ್ಟಿದವನು, ತಾಯಿ ಮೋನಿಕಾ. ಬುದ್ಧಿಶಾಲಿಯಾದ ಮಗನು ಮಾನಿಕೇಯ ಪಂಥವನ್ನು ಹಿಡಿದು ಸ್ವೇಚ್ಛೆಯಾಗಿ ನಡೆದಾಗ ಆಕೆ ಅವನಿಗಾಗಿ ಅಳುವುದನ್ನು ಬಿಡಲಿಲ್ಲ, ಬೆನ್ನು ಹತ್ತುವುದನ್ನೂ ಬಿಡಲಿಲ್ಲ. ಕಾರ್ಥೇಜಿನ ಬಂದರಿನಲ್ಲಿ, ಗೆಳೆಯನೊಬ್ಬನನ್ನು ಬೀಳ್ಕೊಡಬೇಕೆಂದು ಸುಳ್ಳು ಹೇಳಿ, ತಾಯಿಯನ್ನು ಸಂತ ಸಿಪ್ರಿಯಾನನ ಗುಡಿಯಲ್ಲಿ ಪ್ರಾರ್ಥಿಸುತ್ತಿರುವಂತೆಯೇ ಬಿಟ್ಟು, ರಾತ್ರಿಯ ಹಡಗಿನಲ್ಲಿ ಅವನು ರೋಮಿಗೆ ಹೊರಟುಹೋದನು. ಆಕೆ ಸಮುದ್ರ ದಾಟಿ ಮಿಲಾನಿನವರೆಗೂ ಬಂದಳು. 387ರ ಈಸ್ಟರಿನಲ್ಲಿ ಸಂತ ಅಂಬ್ರೋಸನ ಕೈಯಿಂದ ಮಗನಿಗೆ ಸ್ನಾನದೀಕ್ಷೆಯಾಯಿತು. ಊರಿಗೆ ಮರಳುವ ದಾರಿಯಲ್ಲಿ ಓಸ್ತಿಯಾ ಬಂದರಿನಲ್ಲಿ, ಜ್ವರದ ಒಂಬತ್ತನೆಯ ದಿನ, ಐವತ್ತಾರನೆಯ ವಯಸ್ಸಿನಲ್ಲಿ ಆಕೆ ಕಣ್ಮುಚ್ಚಿದಳು. ಗಂಡನ ಪಕ್ಕದಲ್ಲಿಯೇ ಹೂಳಬೇಕೆಂದು ಮೊದಲು ಬಯಸಿದ್ದವಳು, ಕಡೆಗೆ ದೇಹವನ್ನು ಎಲ್ಲಿ ಇಟ್ಟರೂ ಸರಿ, ದೇವರ ಬಲಿಪೀಠದ ಬಳಿಯಲ್ಲಿ ತನ್ನನ್ನು ನೆನೆದರೆ ಸಾಕೆಂದಳಂತೆ. ಪಂಡಿತನಾದ ಮಗನು ಅಳಬಾರದೆಂದು ಬಿಗಿಹಿಡಿದು, ಮಿಂದರೆ ದುಃಖ ತಗ್ಗೀತೆಂದು ಸ್ನಾನಗೃಹಕ್ಕೆ ಹೋಗಿ, ತಗ್ಗದೆ, ಮಲಗಿ ಎದ್ದು, ಆಮೇಲೆ ಒಬ್ಬನೇ ಅತ್ತುಬಿಟ್ಟದ್ದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. 1945ರಲ್ಲಿ ಓಸ್ತಿಯಾದಲ್ಲಿ ಆಟಕ್ಕೆಂದು ಗುಣಿ ತೋಡುತ್ತಿದ್ದ ಹುಡುಗರಿಗೆ ಆಕೆಯ ಸಮಾಧಿಲೇಖದ ಚೂರೊಂದು ಸಿಕ್ಕಿತು. ಆಗಸ್ಟ್ 27 ಆಕೆಯ ಹಬ್ಬ.

ತಾಯಿಯನ್ನು ನೆನೆಯುವ ಹಬ್ಬ ನಮ್ಮ ನಾಡಿನಲ್ಲಿಯೂ ಇದೆ. ದಕ್ಷಿಣ ಕನ್ನಡದ ಕಥೋಲಿಕರಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬವುಂಟು. ಒಂಬತ್ತು ದಿನ ಮಕ್ಕಳು ಮಾತೆ ಮರಿಯಮ್ಮನಿಗೆ ಹೂವೊಪ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಅದರ ಕಾಳುಗಳನ್ನು ಪುಡಿಮಾಡಿ ಹಾಲಿನಲ್ಲಿ ಬೆರಸಿ, ಎಲ್ಲರೂ ಒಟ್ಟಿಗೆ ಕುಳಿತು ಸೇವಿಸುತ್ತಾರೆ. ಪರದೇಶದಲ್ಲಿರುವ ಮಕ್ಕಳಿಗೆ ಆ ಕಾಳುಗಳನ್ನು ಅಂಚೆಯಲ್ಲಿ ಕಳುಹಿಸುವ ತಾಯಂದಿರುಂಟು.

ಹೆತ್ತವಳು ಮಾತ್ರವೇ ತಾಯಿಯೆಂಬ ಸಂಕೋಚವು ಈ ಧರ್ಮದಲ್ಲಿ ಇಲ್ಲ. ತಾಯಿಯೂ ತಮ್ಮಂದಿರೂ ಹೊರಗೆ ನಿಂತಿದ್ದಾರೆಂದು ಜನರು ಹೇಳಿದಾಗ, ದೇವರ ಚಿತ್ತದಂತೆ ನಡೆಯುವವರೇ ತನಗೆ ತಾಯಿಯೂ ತಮ್ಮಂದಿರೂ ಎಂದು ಯೇಸು ಸುತ್ತಲಿದ್ದವರನ್ನು ತೋರಿಸಿದನು. ಆದಕಾರಣ ಭಾನುವಾರದ ಹೂ ಹಂಚುವಾಗ ಮಕ್ಕಳಿಲ್ಲದವಳನ್ನೂ ಮಕ್ಕಳನ್ನು ಕಳೆದುಕೊಂಡವಳನ್ನೂ ಪೀಠದಲ್ಲಿಯೇ ಕೂರಿಸಿಬಿಡುವುದು ಅಪಚಾರ. ಆ ದಿನವನ್ನು ಸ್ಥಾಪಿಸಿದವಳೇ ಅಂಥವಳಲ್ಲವೆ?

ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ ಐದನೆಯ ಅಧ್ಯಾಯವನ್ನು ಓದಿದರೆ, ಆದಿಸಭೆಯಲ್ಲಿ ವಿಧವೆಯರ ಪಟ್ಟಿಯೊಂದಿತ್ತೆಂದೂ, ಮಕ್ಕಳು ಮೊಮ್ಮಕ್ಕಳುಳ್ಳವಳನ್ನು ಅವರೇ ಸಾಕತಕ್ಕದ್ದೆಂದೂ, ಯಾರೂ ಇಲ್ಲದವಳ ಭಾರ ಸಭೆಯದೆಂದೂ ತಿಳಿಯುತ್ತದೆ. ಇಂದು ನಮ್ಮ ಪ್ರತಿಯೊಂದು ಸಭೆಯೂ ಅಂತಹ ಪಟ್ಟಿಯನ್ನು ಮತ್ತೆ ಬರೆದಿಡಲಿ. ಒಂಟಿಯಾಗಿರುವ ಮುದಿ ತಾಯಂದಿರು ಯಾವ ಬೀದಿಯಲ್ಲಿದ್ದಾರೆ, ಅವರ ಔಷಧದ ಖರ್ಚನ್ನು ಯಾರು ಕೊಡುತ್ತಾರೆ, ವಾರಕ್ಕೊಮ್ಮೆ ಯಾರು ಹೋಗಿ ನೋಡುತ್ತಾರೆ ಎಂಬುದನ್ನು ಹೆಸರು ಹಿಡಿದು ನಿಶ್ಚಯಿಸಲಿ. ಹೂವನ್ನು ಆಮೇಲೆ ಕೊಡಬಹುದು.