ಪೆಟ್ರೋಲು ಹರಿಯುವ ದಾರಿ

ಮೋಟಾರು ಕಾರಿನ ಬಾನೆಟ್ಟನ್ನು ಎತ್ತಿದಾಗ ನಮ್ಮ ಕಣ್ಣು ಎಂಜಿನ್ನಿನ ಮೇಲೂ ಬ್ಯಾಟರಿಯ ಮೇಲೂ ನಿಲ್ಲುತ್ತದೆ. ಅವುಗಳ ಸಂದಿನಲ್ಲಿ ಹಾಯುವ, ಬೆರಳು ದಪ್ಪದ ಕಪ್ಪು ರಬ್ಬರು ಕೊಳವೆಯನ್ನು ಗಮನಿಸುವವರು ವಿರಳ. ಆದರೆ ಗಾಡಿಗೆ ಬೆಂಕಿ ತಗಲದಂತೆ ಕಾಯುವುದರಲ್ಲಿ ಅದರ ಪಾಲು ದೊಡ್ಡದು.

ಕಾರ್ಬುರೇಟರು ಇರುವ ಹಳೆಯ ಕಾರುಗಳಲ್ಲಿ ಪೆಟ್ರೋಲಿನ ಒತ್ತಡ ಸುಮಾರು ಕಾಲು ಬಾರ್ ಮಾತ್ರ. ಇಂಜೆಕ್ಷನ್ ಪದ್ಧತಿಯ ಕಾರುಗಳಲ್ಲಾದರೋ ಟ್ಯಾಂಕಿನೊಳಗಿನ ವಿದ್ಯುತ್ ಪಂಪು ಅದನ್ನು ಸುಮಾರು 3 ಬಾರ್ ಒತ್ತಡದಲ್ಲಿ ನೂಕುತ್ತದೆ. ಕಾರಿನ ಟೈರಿನ ಗಾಳಿಯ ಒತ್ತಡವೇ ಸುಮಾರು 2 ಬಾರ್ ಎಂದರೆ ಇದರ ಬಲ ತಿಳಿದೀತು. ಎಂಜಿನ್ನಿನ ಮೇಲಿರುವ ಫ್ಯುಯೆಲ್ ರೈಲ್ ಎಂಬ ನಳಿಗೆ ಈ ಪೆಟ್ರೋಲನ್ನು ಇಂಜೆಕ್ಟರುಗಳಿಗೆ ಹಂಚುತ್ತದೆ. ಈ ದಾರಿಯಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಸಾಕು, ಪೆಟ್ರೋಲು ತುಂತುರಾಗಿ ಚಿಮ್ಮಿ ಬಿಸಿ ಎಂಜಿನ್ನಿನ ಮೇಲೆ ಬೀಳುತ್ತದೆ.

ಇನ್ನೊಂದು ಸಂಗತಿಯೂ ಉಂಟು. ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. ಎಥನಾಲಿಗೆ ಒಗ್ಗದ ಹಳೆಯ ರಬ್ಬರು ಉಬ್ಬಿ ಮೆತ್ತಗಾಗಬಹುದು, ಬಿರುಕನ್ನೂ ಬಿಡಬಹುದು. ಆದುದರಿಂದ ಹೊಸ ಕೊಳವೆ ಕೊಳ್ಳುವಾಗ ಇಂಜೆಕ್ಷನ್ ಒತ್ತಡಕ್ಕೆ ತಕ್ಕುದೇ, ಎಥನಾಲಿಗೆ ತಾಳುವುದೇ ಎಂದು ವಿಚಾರಿಸಬೇಕು. ಕೊಳವೆಯ ಮೈಮೇಲೆ ‘ಎಸ್.ಎ.ಇ. ಜೆ30 ಆರ್9’ ಎಂದು ಅಚ್ಚಾಗಿದ್ದರೆ ಅದು ಇಂಜೆಕ್ಷನ್ ಗಾಡಿಗೆಂದೇ ಮಾಡಿದುದು. ಬೇರೆ ತಯಾರಕರ ರೈಲನ್ನು ಹಾಕಿಸುವವರು ಇಂಜೆಕ್ಟರುಗಳ ನಡುವಣ ಅಂತರವೂ ಎತ್ತರವೂ ಮೂಲದಂತೆಯೇ ಇವೆಯೇ ಎಂದು ಅಳೆದು ನೋಡಬೇಕು. ರೈಲಿನ ಭಾರವನ್ನು ಹೊರಬೇಕಾದದ್ದು ಅದರ ಬೋಲ್ಟುಗಳು, ಇಂಜೆಕ್ಟರುಗಳಲ್ಲ.

ಕೆಲಸಕ್ಕೆ ಎಂಜಿನ್ನು ತಣ್ಣಗಿರಬೇಕು; ಜಾಗ ಬಯಲಾಗಿರಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಮುಚ್ಚಿದ ಶೆಡ್ಡಿನಲ್ಲಿ ಅದು ನೆಲದ ಮೇಲೆ ಹರಡಿ ದೂರದ ಕಿಡಿಯನ್ನೂ ಮುಟ್ಟೀತು. ಮೊದಲು ಪಂಪಿನ ಫ್ಯೂಸನ್ನು ತೆಗೆದು, ಎಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡವನ್ನು ಇಳಿಸಬೇಕು. ಅನಂತರ ಬ್ಯಾಟರಿಯ ಋಣ ತಂತಿಯನ್ನು ಕಳಚಬೇಕು. ಇಂಜೆಕ್ಟರಿನ ರಬ್ಬರು ಉಂಗುರಗಳು ಹೊಸವಾಗಿರಲಿ. ಅವಕ್ಕೆ ಶುಭ್ರವಾದ ಎಂಜಿನ್ ಆಯಿಲ್ ಸವರಿ ಕೂರಿಸಿದರೆ ಹರಿಯುವುದಿಲ್ಲ. ಕೊಳವೆಗೆ ಅಂಚು ನುಣುಪಾದ ಕ್ಲಿಪ್ಪನ್ನೇ ಹಾಕಬೇಕು. ಹಲ್ಲು ಕೊರೆದ ಸಾಮಾನ್ಯ ಕ್ಲಿಪ್ಪು ರಬ್ಬರನ್ನು ಕತ್ತರಿಸುತ್ತದೆ. ಕೊಳವೆ ಸೈಲೆನ್ಸರ್ ಪೈಪಿಗೂ ತಿರುಗುವ ಬೆಲ್ಟಿಗೂ ದೂರವಿರಬೇಕು.

ಎಲ್ಲವನ್ನೂ ಜೋಡಿಸಿದ ಮೇಲೆ ಒಡನೆಯೇ ಎಂಜಿನ್ನನ್ನು ಚಾಲೂ ಮಾಡಬಾರದು. ಕೀಲಿಯನ್ನು ಅರ್ಧ ತಿರುಗಿಸಿದರೆ ಪಂಪು ಒಂದೆರಡು ಸೆಕೆಂಡು ಓಡಿ ನಿಲ್ಲುತ್ತದೆ. ಹೀಗೆ ಎರಡು ಮೂರು ಸಲ ಮಾಡಿ, ಪ್ರತಿಯೊಂದು ಸಂದನ್ನೂ ಟಾರ್ಚಿನ ಬೆಳಕಿನಲ್ಲಿ ನೋಡಬೇಕು. ಎಂಜಿನ್ನು ಓಡಿ ಬಿಸಿಯಾದ ಮೇಲೆ ಮತ್ತೊಮ್ಮೆ ನೋಡಬೇಕು. ಬೆಂಕಿ ಆರಿಸುವ ಪುಡಿಯ ಸಿಲಿಂಡರು ಕೈಗೆಟಕುವಂತಿರಲಿ.

ಸಿಲಿಂಡರಿನೊಳಕ್ಕೆ ನೇರವಾಗಿ ಪೆಟ್ರೋಲು ಸಿಂಪಡಿಸುವ ಗಾಡಿಗಳಲ್ಲಿ ರೈಲಿನ ಒತ್ತಡ 100 ಬಾರನ್ನೂ ಮೀರುತ್ತದೆ. ಅಲ್ಲಿ ನಾವು ಕೈಯಾಡಿಸುವುದು ಸಲ್ಲದು. ಉಳಿದ ಗಾಡಿಗಳಲ್ಲಿಯೂ ಕೆಲಸವನ್ನು ನುರಿತ ಮೆಕ್ಯಾನಿಕ್ಕಿಗೆ ಒಪ್ಪಿಸಿ, ನಾವು ಪಕ್ಕದಲ್ಲಿದ್ದು ನೋಡುವುದೇ ಲೇಸು. ಹೊಸ ಕೊಳವೆ ಹಾಕಿಸಿದ ಮೇಲೂ ಪೆಟ್ರೋಲಿನ ವಾಸನೆ ಬಂದರೆ, ‘ಹೊಸದಲ್ಲವೆ, ಸರಿಹೋದೀತು’ ಎಂದು ಸಮಾಧಾನಪಡಬಾರದು. ಆ ವಾಸನೆ ಹೋಗುವವರೆಗೆ ಮನೆಮಂದಿಯನ್ನು ಗಾಡಿಗೆ ಹತ್ತಿಸದಿರುವುದೇ ಜಾಣತನ.