ಮರಳು ಸುಡುವಾಗ ನೆರಳನ್ನು ಅರಸುವ ಜೀವ

ಬ್ರೆಜಿಲ್ ದೇಶದ ರಿಯೋ ಡಿ ಜನೈರೋ ರಾಜ್ಯದ ಕಡಲತೀರದಲ್ಲಿ ಬಿಸಿಲೇರುತ್ತಿದ್ದಂತೆ ಮರಳಿನೊಳಗಿಂದ ಪುಟ್ಟದೊಂದು ಮೂತಿ ಹೊರಗಿಣುಕುತ್ತದೆ. ಬಾಲವನ್ನು ಬಿಟ್ಟರೆ ಸುಮಾರು 8 ಸೆಂಟಿಮೀಟರ್ ಉದ್ದದ, ಮರಳಿನದೇ ಬಣ್ಣದ ಹಲ್ಲಿಯಿದು. ಲಿಯೊಲೆಮಸ್ ಲುಟ್ಸೆ ಎಂಬುದು ಇದರ ಶಾಸ್ತ್ರೀಯ ನಾಮ. ಈ ರಾಜ್ಯದ ತೀರದ ಮರಳುದಿಣ್ಣೆಗಳೇ ಅದರ ತವರು. 1938ರಲ್ಲಿ ಇದನ್ನು ವಿಜ್ಞಾನಲೋಕಕ್ಕೆ ಪರಿಚಯಿಸಿದ ರಾಬರ್ಟ್ ಮೆರ್ಟೆನ್ಸ್, ಬ್ರೆಜಿಲ್‌ನ ಪ್ರಾಣಿಶಾಸ್ತ್ರಜ್ಞೆ ಬರ್ತಾ ಲುಟ್ಸ್ ಅವರ ಗೌರವಾರ್ಥ ಆ ಹೆಸರಿಟ್ಟರು. ಈ ವಿದುಷಿ ಕಾನೂನು ಪದವೀಧರೆಯೂ ಹೌದು. 1945ರಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಸಹಿ ಹಾಕಿದ ನಾಲ್ವರೇ ಸ್ತ್ರೀಯರಲ್ಲಿ ಒಬ್ಬರು.

ಹಲ್ಲಿಗಳನ್ನು ಶೀತರಕ್ತದ ಪ್ರಾಣಿಗಳೆಂದು ಕರೆಯುವ ರೂಢಿಯಿದೆ. ಆದರೆ ಈ ಮಾತು ನಿಖರವಲ್ಲ. ಓಡಾಡುವ ಹೊತ್ತಿನಲ್ಲಿ ಈ ಹಲ್ಲಿಯ ಮೈ ಸುಮಾರು 34 ಡಿಗ್ರಿ ಸೆಲ್ಸಿಯಸ್ ಬಿಸಿಯಿರುತ್ತದೆ. ಮನುಷ್ಯನ ಮೈಬಿಸಿಗಿಂತ ಅಷ್ಟೇನೂ ಕಡಿಮೆಯಲ್ಲ. ವ್ಯತ್ಯಾಸವಿರುವುದು ಆ ಬಿಸಿಯ ಮೂಲದಲ್ಲಿ. ನಾವು ಉಂಡ ಅನ್ನವನ್ನು ಉರಿಸಿ ಪಡೆಯುವುದನ್ನು ಅದು ಬಿಸಿಲಿನಿಂದಲೂ ಮರಳಿನಿಂದಲೂ ಎರವಲು ಪಡೆಯುತ್ತದೆ. ಮೈ ಚಿಕ್ಕದಾದ್ದರಿಂದ ಕಾಯುವುದೂ ಆರುವುದೂ ಬಹಳ ಬೇಗ. ಮುಂಜಾನೆ ಬೆಚ್ಚನೆಯ ಮರಳಿಗೆ ಹೊಟ್ಟೆಯನ್ನೊತ್ತಿ ಮಲಗಿದರೆ ಸ್ವಲ್ಪ ಹೊತ್ತಿನಲ್ಲೇ ಬೇಟೆಗೆ ಸಿದ್ಧ.

ಆದರೆ ಅದೇ ಮರಳು ಮಧ್ಯಾಹ್ನಕ್ಕೆ ಶತ್ರುವಾಗುತ್ತದೆ. ನೇರ ಬಿಸಿಲಿಗೆ ಬಿದ್ದ ಒಣಮರಳಿನ ಮೇಲ್ಮೈ 50 ಡಿಗ್ರಿಯನ್ನೂ ದಾಟಬಲ್ಲದು. ಅಂಥ ಕಾವಿನಲ್ಲಿ ಕೆಲವೇ ನಿಮಿಷಗಳ ಅಲಕ್ಷ್ಯವೂ ಪ್ರಾಣಾಂತಿಕ. ಆಗ ಅದಕ್ಕಿರುವ ದಾರಿ ಎರಡು. ಒಂದು, ಮರಳಿನೊಳಗೆ ಹುದುಗುವುದು. ಒಣಮರಳು ಶಾಖವನ್ನು ಸುಲಭವಾಗಿ ಸಾಗಿಸದಿರುವುದರಿಂದ ಕೆಳಗಿನ ಪದರ ತಂಪಾಗಿಯೇ ಉಳಿಯುತ್ತದೆ. ಇನ್ನೊಂದು, ಸಮೀಪದ ಗಿಡದ ನೆರಳು. ನಮ್ಮ ಕಡಲತೀರದವರಿಗೆ ಚಿರಪರಿಚಿತವಾದ ಅಡುಂಬು ಬಳ್ಳಿ ಅಲ್ಲಿಯೂ ಹಬ್ಬಿದೆ. ಬಳ್ಳಿಯ ಅಂಚಿನಲ್ಲಿ ಬಿಸಿಲು ನೆರಳು ಒಂದು ಮಾರು ದೂರದೊಳಗೆ ಸಿಗುವುದರಿಂದ ಅತ್ತಿತ್ತ ಸರಿಯುತ್ತ ಮೈಯ ಕಾವನ್ನು ಹದದಲ್ಲಿಡಬಹುದು.

ಹುದುಗಿಕೊಂಡರೆ ಜೀವವುಳಿಯುತ್ತದೆ, ಊಟ ದೊರೆಯುವುದಿಲ್ಲ. ನೆರಳಿನಲ್ಲಾದರೆ ಹುಳಹುಪ್ಪಟೆಯೂ ಉಂಟು, ಬೆಳೆದ ಹಲ್ಲಿಗಳಿಗೆ ಪ್ರಿಯವಾದ ಎಲೆ ಹೂಗಳೂ ಉಂಟು. ಎಂದರೆ ನೆರಳು ಹೆಚ್ಚಿದಷ್ಟೂ ದುಡಿಮೆಯ ತಾಸುಗಳು ಹೆಚ್ಚುತ್ತವೆ. ಈ ತಾಸುಗಳ ಲೆಕ್ಕವನ್ನೇ ಹಿಡಿದು ಬ್ಯಾರಿ ಸಿನರ್ವೋ ಮತ್ತು ಸಂಗಡಿಗರು 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಮೆಕ್ಸಿಕೋದ 200 ತಾಣಗಳಲ್ಲಿ 1975ರಿಂದೀಚೆಗೆ ಮುಳ್ಳುಹಲ್ಲಿಗಳ ಶೇಕಡಾ 12ರಷ್ಟು ಸ್ಥಳೀಯ ಸಂತತಿಗಳು ಅಳಿದಿದ್ದವು. ಕಾದು ಸತ್ತುವೆಂಬುದಕ್ಕಿಂತ, ಸಂತಾನದ ಕಾಲದಲ್ಲಿ ಮರೆಯಲ್ಲಿ ಅವಿತಿರುವ ತಾಸುಗಳು ಮಿತಿಮೀರಿ ಆಹಾರ ಸಾಲದೆ ಹೋಯಿತೆಂಬುದು ಅವರ ನಿರ್ಣಯ.

ರಿಯೋದ ಹಲ್ಲಿಗೆ ಇನ್ನೂ ಹತ್ತಿರದ ಅಪಾಯವೊಂದಿದೆ. ವಿಹಾರದ ರಸ್ತೆ, ಕಟ್ಟಡ, ಜನರ ತುಳಿತಗಳಿಂದ ತೀರದ ಮೊದಲ ಸಾಲಿನ ಸಸ್ಯಗಳೇ ನಾಶವಾಗುತ್ತಿವೆ. ಅದೀಗ ತೀವ್ರ ವಿನಾಶದಂಚಿನ ಜೀವಿಗಳ ಪಟ್ಟಿಯಲ್ಲಿದೆ. ಬ್ರೆಜಿಲ್‌ನ 2012ರ ಅರಣ್ಯ ಸಂಹಿತೆ ಈ ಸಸ್ಯರಾಶಿಗೆ ರಕ್ಷಣೆ ಕೊಡುವುದು ದಿಣ್ಣೆಗಳನ್ನು ಹಿಡಿದು ನಿಲ್ಲಿಸುತ್ತದೆ ಎಂಬ ಕಾರಣಕ್ಕೆ. ನೆರಳಿನ ಪ್ರಸ್ತಾಪ ಆ ಕಲಮಿನಲ್ಲಿಲ್ಲ. ಆದರೂ ಕಾಯ್ದೆ ಬಳ್ಳಿಯನ್ನು ಉಳಿಸಿದರೆ ಹಲ್ಲಿ ಅದರ ಲಾಭ ಪಡೆಯುತ್ತದೆ, ಉದ್ದೇಶ ಬೇರೆಯಾದರೇನು! ಭಾರತದ ಕರಾವಳಿ ನಿಯಂತ್ರಣ ಅಧಿಸೂಚನೆಯೂ ಮರಳುದಿಣ್ಣೆಗಳನ್ನು ಅತಿಸೂಕ್ಷ್ಮ ವರ್ಗದಲ್ಲೇ ಇರಿಸಿದೆ.

ತೀರದ ಈ ಸಸ್ಯವಲಯಕ್ಕೆ ಭರತರೇಖೆಯಿಂದ ಕನಿಷ್ಠ 300 ಮೀಟರ್‌ವರೆಗೆ ರಕ್ಷಣೆಯಿತ್ತ 2002ರ ನಿಯಮವನ್ನು ಅಲ್ಲಿನ ರಾಷ್ಟ್ರೀಯ ಪರಿಸರ ಮಂಡಳಿ 2020ರ ಸೆಪ್ಟೆಂಬರಿನಲ್ಲಿ ರದ್ದುಗೊಳಿಸಿತು. ಮರುತಿಂಗಳೇ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ರೋಸಾ ವೆಬರ್ ಆ ರದ್ದತಿಗೆ ತಡೆಯಾಜ್ಞೆ ನೀಡಿದರು. ನಿಯಮವು ಮತ್ತೆ ಜಾರಿಗೆ ಬಂತು.